ಓರೆ ಹಲಗೆಯ ಮೇಲಿನ ರಾಕ್ಷಸ

ಒಂದು ತಟ್ಟೆಯಲ್ಲಿ ಸ್ವಲ್ಪ ಜೋನಿಬೆಲ್ಲವನ್ನು ಹಾಕಿ ತಟ್ಟೆಯನ್ನು ಮೆಲ್ಲನೆ ಓರೆ ಮಾಡಿದರೆ ಬೆಲ್ಲವು ಹೇಗೆ ಚಲಿಸುವುದೆಂಬುದನ್ನು ವಾಚಕರು ನೋಡಿಯೇ ಇರುತ್ತಾರೆ. ಮೊದಲು ಅದು ಹಿಂಜರಿಯುವಂತೆ ತೋರುತ್ತದೆ. ಅನಂತರ ಅದರ ಅಂಚು ಉಬ್ಬಿ, ನಾಲಗೆಯನ್ನು ಚಾಚಿದಂತೆ ಮುಂದಕ್ಕೆ ಸರಿಯುತ್ತದೆ. ಈ ಜಡವಸ್ತುವಿಗೂ ಒಂದು ಇಚ್ಛೆಯಿರಬಹುದೇ ಎಂದು ಕ್ಷಣಕಾಲ ಭ್ರಮೆಯಾಗುತ್ತದೆ. ಇಂತಹ ಭ್ರಮೆಯನ್ನೇ ಬಂಡವಾಳ ಮಾಡಿಕೊಂಡು 1957ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಒಂದು ಭಯಾನಕ ಚಲಚ್ಚಿತ್ರವನ್ನು ತೆಗೆದರು. ಮರುವರ್ಷ ತೆರೆಕಂಡ ಅದರ ಹೆಸರು 'ದಿ ಬ್ಲಾಬ್'. ಕನ್ನಡದಲ್ಲಿ 'ಮುದ್ದೆ' ಎನ್ನೋಣ; ಆದರೆ ನಮ್ಮ ರಾಗಿಮುದ್ದೆಯು ಇಟ್ಟಲ್ಲಿ ಇಟ್ಟಂತೆ ಇರುವುದು, ಇದು ಇರುವುದಿಲ್ಲ.

ಕಥೆ ಸರಳವಾದುದು. ಆಕಾಶದಿಂದ ಬಿದ್ದ ಉಲ್ಕೆಯೊಂದನ್ನು ಮುದುಕನೊಬ್ಬನು ಕೋಲಿನಿಂದ ಕೆದಕುತ್ತಾನೆ. ಒಳಗಿದ್ದ ಅಂಟಿನಂತಹ ಪದಾರ್ಥವು ಅವನ ಕೈಯನ್ನು ಹತ್ತಿಕೊಳ್ಳುತ್ತದೆ. ಅದು ಮನುಷ್ಯರನ್ನು ನುಂಗುತ್ತಾ, ನುಂಗಿದಷ್ಟೂ ಬೆಳೆಯುತ್ತಾ, ಕೊನೆಗೆ ಒಂದು ಉಪಾಹಾರಗೃಹವನ್ನೇ ಆವರಿಸುತ್ತದೆ. ಊರ ತರುಣರು ಕೊಟ್ಟ ಎಚ್ಚರಿಕೆಯನ್ನು ಹಿರಿಯರು ಬಹಳ ಹೊತ್ತು ನಂಬುವುದೇ ಇಲ್ಲ. ತರುಣರ ನಾಯಕನಾಗಿ ನಟಿಸಿದವನು ಆಗಿನ್ನೂ ಪ್ರಸಿದ್ಧನಾಗದಿದ್ದ ಸ್ಟೀವ್ ಮೆಕ್ವೀನ್.

ಚಿತ್ರದ ವೆಚ್ಚ ಸುಮಾರು 1,10,000 ಡಾಲರುಗಳೆಂದು ಹೇಳುತ್ತಾರೆ. ಅಮೆರಿಕದ ಚಿತ್ರೋದ್ಯಮದಲ್ಲಿ ಇದು ಅತ್ಯಲ್ಪ ಮೊತ್ತ. ನಿರ್ದೇಶಕ ಇರ್ವಿನ್ ಯೇವರ್ತ್ ಅದುವರೆಗೆ ಧಾರ್ಮಿಕ ಚಿತ್ರಗಳನ್ನು ತೆಗೆಯುತ್ತಿದ್ದವರು. ಇಷ್ಟು ಹಣದಲ್ಲಿ ಕಟ್ಟಡವನ್ನು ನುಂಗುವ ರಾಕ್ಷಸನನ್ನು ಕಟ್ಟುವುದು ಹೇಗೆ? ಗಾತ್ರವನ್ನು ಕುಗ್ಗಿಸಬೇಕು, ಅಷ್ಟೆ. ಆದರೆ ಕುಗ್ಗಿಸಿದೊಡನೆ ಭೌತವಿಜ್ಞಾನವು ಅಡ್ಡಬರುತ್ತದೆ.

ಸುಮಾರು 4.9 ಮೀಟರು ಎತ್ತರದಿಂದ ಬೀಳುವ ಕಲ್ಲು ನೆಲವನ್ನು ಮುಟ್ಟಲು 1 ಸೆಕೆಂಡು ಬೇಕು. ಇದರ ಹದಿನಾರನೆಯ ಒಂದು ಪಾಲಿನ ಮಾದರಿಯಲ್ಲಿ ಕಲ್ಲು ಕಾಲು ಸೆಕೆಂಡಿನಲ್ಲೇ ಬಿದ್ದುಬಿಡುತ್ತದೆ. ಏಕೆಂದರೆ ಕಾಲವು ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಸೂತ್ರವನ್ನರಿಯದ ಪ್ರೇಕ್ಷಕನೂ ಈ ಅವಸರವನ್ನು ಕಂಡು "ಇದು ಆಟಿಕೆ" ಎಂದುಬಿಡುತ್ತಾನೆ. ಹುಟ್ಟಿದಂದಿನಿಂದ ಬೀಳುವ ವಸ್ತುಗಳನ್ನು ನೋಡಿ ಪಳಗಿದ ಕಣ್ಣು ಅವನದು. ಇದಕ್ಕೆ ಪರಿಹಾರವೆಂದರೆ ಸೆಕೆಂಡಿಗೆ 24ರ ಬದಲು 96 ಚಿತ್ರಗಳನ್ನು ತೆಗೆದು ನಿಧಾನವಾಗಿ ತೋರಿಸುವುದು. ನೀರಾದರೆ ಅದೂ ಸಾಲದು. ಮಾದರಿಯೆಷ್ಟೇ ಚಿಕ್ಕದಾದರೂ ಹನಿಗಳು ಚಿಕ್ಕವಾಗಲೊಲ್ಲವು.

ಇಲ್ಲಿಯೇ ಮುದ್ದೆಯು ಗೆದ್ದಿತು. ಅದನ್ನು ಸಿಲಿಕೋನ್ ಎಂಬ ಕೃತಕ ದ್ರವಕ್ಕೆ ಕೆಂಪು ಬಣ್ಣ ಬೆರೆಸಿ ಮಾಡಿದ್ದರು. ಇದರ ಸ್ನಿಗ್ಧತೆ, ಎಂದರೆ ಹರಿಯುವಾಗ ಪದರಕ್ಕೂ ಪದರಕ್ಕೂ ನಡುವೆ ಉಂಟಾಗುವ ಘರ್ಷಣೆ, ಬಲು ಹೆಚ್ಚು. ಇಂತಹ ದ್ರವದಲ್ಲಿ ಜಡತ್ವದ ಪಾತ್ರ ಗೌಣ. ಅದರ ವೇಗವನ್ನು ಇಳಿಜಾರು, ಪದರದ ದಪ್ಪ ಮತ್ತು ಸ್ನಿಗ್ಧತೆಗಳು ನಿರ್ಧರಿಸುತ್ತವೆ. ದಪ್ಪವು ಇಮ್ಮಡಿಯಾದರೆ ವೇಗವು ನಾಲ್ಮಡಿಯಾಗುತ್ತದೆ. ಅದು ಸಿಡಿಯದು, ಹನಿಯಾಗಿ ಚೆದರದು. ಬೆಟ್ಟದಷ್ಟು ಲೋಳೆಯು ಯಾವ ವೇಗದಿಂದ ಹರಿಯಬೇಕೆಂಬುದನ್ನು ನಾವಾರೂ ಕಂಡವರಲ್ಲ. ಆದ್ದರಿಂದ ಕಣ್ಣಿಗೆ ಆಕ್ಷೇಪಿಸಲು ಆಧಾರವೇ ಇಲ್ಲ. 1954ರ 'ದೆಮ್!' ಚಿತ್ರದ ದೈತ್ಯ ಇರುವೆಗಳಿಗೆ ಈ ಅನುಕೂಲವಿರಲಿಲ್ಲ. ಗಾತ್ರ ಹಿಗ್ಗಿದರೆ ತೂಕವು ಕಾಲುಗಳ ಬಲವನ್ನು ಮೀರುವುದೆಂದು ಗೆಲಿಲಿಯೋ 1638ರಲ್ಲಿಯೇ ತೋರಿಸಿದ್ದನಷ್ಟೆ. ಮುದ್ದೆಗೆ ಕಾಲುಗಳೇ ಇಲ್ಲ!

ಉಪಾಹಾರಗೃಹದ ದೃಶ್ಯವಂತೂ ಒಂದು ಪ್ರಯೋಗಪಾಠದಂತಿದೆ. ಕಟ್ಟಡದ ಭಾವಚಿತ್ರವನ್ನು ಅಲುಗಾಡಿಸಬಲ್ಲ ಮೇಜಿನ ಮೇಲಿಟ್ಟು, ಕ್ಯಾಮೆರಾವನ್ನೂ ಅದೇ ಮೇಜಿಗೆ ಬಿಗಿದರು. ಮೇಜು ಓರೆಯಾದಾಗ ಕ್ಯಾಮೆರಾವೂ ಓರೆಯಾಗುವುದರಿಂದ ಚಿತ್ರದಲ್ಲಿ ಕಟ್ಟಡವು ನೆಟ್ಟಗೇ ನಿಂತಿರುತ್ತದೆ. ದ್ರವಕ್ಕೆ ಮಾತ್ರ ಭೂಮಿ ಯಾವ ಕಡೆಗಿದೆಯೆಂಬುದು ತಿಳಿದಿರುತ್ತದೆ. ಮೇಜನ್ನು ಕುಲುಕಿದಾಗ ಮುದ್ದೆಯು ಭಾವಚಿತ್ರದ ಮೇಲಿನಿಂದ ಜಾರಿಹೋಯಿತು. ಅದನ್ನು ಹಿಂದುಮುಂದಾಗಿ ಮುದ್ರಿಸಿದಾಗ ಮುದ್ದೆಯು ಕಟ್ಟಡವನ್ನು ಏರಿ ಆವರಿಸಿತು.

ಬೀಳುವ ನೀರಿನ ಚಿತ್ರವನ್ನು ಹಿಂದುಮುಂದಾಗಿ ತೋರಿಸಿದರೆ ಮಕ್ಕಳೂ ನಗುತ್ತಾರೆ. ಇಲ್ಲಿ ಯಾರೂ ನಗಲಿಲ್ಲವೇಕೆ? ಅತಿ ಸ್ನಿಗ್ಧವಾದ ಹರಿವಿಗೆ ಹಿಂದುಮುಂದುಗಳ ಭೇದವು ಬಹುಮಟ್ಟಿಗೆ ಇಲ್ಲ. ಜಿ. ಐ. ಟೇಲರ್ ಎಂಬ ಆಂಗ್ಲ ವಿಜ್ಞಾನಿಯು 1960ರ ದಶಕದ ಒಂದು ಬೋಧನಚಿತ್ರದಲ್ಲಿ ಇದನ್ನು ಬೇರೊಂದು ಬಗೆಯಲ್ಲಿ ತೋರಿಸಿದರು. ಎರಡು ಉರುಳೆಗಳ ನಡುವಣ ಮಂದದ್ರವದಲ್ಲಿ ಬಣ್ಣದ ಬೊಟ್ಟನ್ನಿಟ್ಟು ಒಳಗಿನ ಉರುಳೆಯನ್ನು ಕೆಲವು ಸುತ್ತು ತಿರುಗಿಸಿದಾಗ ಬಣ್ಣವು ಹರಡಿ ಮರೆಯಾಯಿತು. ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದಾಗ ಬೊಟ್ಟು ಮರಳಿ ಮೂಡಿತು! ತರಗತಿಯಲ್ಲಿ ಈ ಮಾತನ್ನು ಹೇಳಿದರೆ ನಂಬುವ ವಿದ್ಯಾರ್ಥಿಗಳು ವಿರಳ. ಚಿತ್ರವನ್ನು ಕಂಡವರು ಮಾತ್ರ ಸುಮ್ಮನಾಗುತ್ತಾರೆ. ಯೇವರ್ತರ ಸಂಗಡಿಗರು ಈ ಸಿದ್ಧಾಂತವನ್ನು ಓದಿದ್ದರೆಂದು ನಾನು ಭಾವಿಸಲಾರೆ. ಕೈಯಲ್ಲಿ ಹಣವಿಲ್ಲದವರು ಕಣ್ಣಿಗೆ ಒಪ್ಪಿದುದನ್ನು ಉಳಿಸಿಕೊಂಡರು, ಕಣ್ಣಿಗೆ ಒಪ್ಪಿದುದು ಸಮೀಕರಣಕ್ಕೂ ಒಪ್ಪುವಂತಿತ್ತು.

ಕಥೆಯ ಕೊನೆಯಲ್ಲಿ ಶಾಲೆಯಿಂದ ತಂದ ಬೆಂಕಿ ಆರಿಸುವ ಯಂತ್ರಗಳಿಂದ ಇಂಗಾಲದ ಡೈಆಕ್ಸೈಡನ್ನು ಹಾರಿಸಿ ಮುದ್ದೆಯನ್ನು ಹೆಪ್ಪುಗಟ್ಟಿಸಿ, ವಿಮಾನದಲ್ಲೊಯ್ದು ಉತ್ತರ ಧ್ರುವಪ್ರದೇಶದಲ್ಲಿ ಇಳಿಸುತ್ತಾರೆ. ಆ ಅನಿಲವು ಹಿಗ್ಗುವಾಗ ಸೊನ್ನೆಗಿಂತ ಕೆಳಗೆ 78 ಡಿಗ್ರಿ ಸೆಂಟಿಗ್ರೇಡಿನ ಹಿಮವಾಗುವುದು ನಿಜ. ವಿನೋದವೆಂದರೆ, ಸಾಮಾನ್ಯ ಎಣ್ಣೆಗಳಿಗೆ ಹೋಲಿಸಿದರೆ ಚಳಿಗೆ ತನ್ನ ಹರಿವನ್ನು ಬಹಳ ಕಡಿಮೆ ಬದಲಿಸಿಕೊಳ್ಳುವ ದ್ರವವೇ ಸಿಲಿಕೋನ್! ಅಂದಿನ ಆ ಕೆಂಪು ದ್ರವದ ಒಂದು ಭಾಗವನ್ನು ಸಂಗ್ರಾಹಕರೊಬ್ಬರು ಬಹುಕಾಲ ಬಕೆಟ್ಟಿನಲ್ಲಿ ಕಾಪಾಡಿದ್ದರು. ಆಗಲೂ ಅದು ಒಣಗಿರಲಿಲ್ಲವಂತೆ.