ಮುಪ್ಪಿನ ಮಂಪರು

ವಿಜಯಪುರದಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ನೆರೆಯುವ ಕಾಲವು ಚಳಿಯ ಕಾಲವೂ ಹೌದು. ಗುಡಿಯ ಸುತ್ತಲಿನ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರಗಳಲ್ಲಾಗಲಿ, ಕಂಬಳಿ ಹೊದ್ದು ಮೂಲೆಯಲ್ಲಿ ಮುದುಡಿ ಕುಳಿತ ಅಜ್ಜಿಯನ್ನು ಕಂಡರೆ ನಾವು ಅಚ್ಚರಿಪಡುವುದಿಲ್ಲ. ಮಾತು ನಿಧಾನ, ದನಿ ಗೊಗ್ಗರು, ಹಗಲಿನಲ್ಲಿಯೂ ತೂಕಡಿಕೆ. "ವಯಸ್ಸಾಯಿತು, ಚಳಿ ಬೇರೆ" ಎಂದುಬಿಡುತ್ತೇವೆ. ಹೆಚ್ಚಿನ ಸಲ ಅದು ನಿಜವೇ. ಆದರೆ ಅಪರೂಪಕ್ಕೊಮ್ಮೆ ಈ ಸಮಾಧಾನವೇ ಪ್ರಾಣಕ್ಕೆ ಎರವಾಗುತ್ತದೆ.

ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಸ್ರಾವವು ನಮ್ಮ ಜೀವಕೋಶಗಳು ಆಹಾರವನ್ನು ಉರಿಸಿ ಶಾಖವನ್ನು ಪಡೆಯುವ ವೇಗವನ್ನು ನಿಯಂತ್ರಿಸುತ್ತದೆ. ಅದು ಕುಂದಿದರೆ ಮೈ ತಣ್ಣಗಾಗಿ ನಾಡಿ ನಿಧಾನವಾಗುತ್ತದೆ, ಚರ್ಮ ಒಣಗುತ್ತದೆ, ನಾಲಗೆ ದಪ್ಪವಾಗುತ್ತದೆ, ಮುಖವೂ ರೆಪ್ಪೆಗಳೂ ಊದುತ್ತವೆ. ಬೆರಳಿನಿಂದ ಒತ್ತಿದರೂ ಗುಳಿ ಬೀಳದ ಈ ಊತವುಳ್ಳ ರೋಗವನ್ನು ಲಂಡನ್ನಿನ ವೈದ್ಯ ವಿಲಿಯಂ ಆರ್ಡ್ 1878ರ ತನ್ನ ಲೇಖನದಲ್ಲಿ 'ಮಿಕ್ಸಿಡೀಮಾ' ಎಂದು ಕರೆದನು. 1891ರಲ್ಲಿ ಜಾರ್ಜ್ ಮರೆ ಎಂಬವನು ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಇಂಥ ರೋಗಿಯೊಬ್ಬಳನ್ನು ಚೇತರಿಸಿದನು. ಆಕೆ ಆಮೇಲೆ 28 ವರ್ಷ ಬದುಕಿದಳು!

ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದ ಕೊರತೆಯು ಒಂದು ದಿನ ಕಟ್ಟೆಯೊಡೆಯುತ್ತದೆ. ಕಡು ಚಳಿ, ನ್ಯುಮೋನಿಯ, ಮೂತ್ರದ ಸೋಂಕು, ನಿದ್ರೆಯ ಗುಳಿಗೆ, ಇಲ್ಲವೆ ಥೈರಾಕ್ಸಿನ್ ಮಾತ್ರೆಯನ್ನು ತಾವಾಗಿ ನಿಲ್ಲಿಸಿದ್ದು, ಇವುಗಳಲ್ಲಿ ಯಾವುದೊಂದಾದರೂ ಸಾಕು. ಉಸಿರು ಮಂದವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುತ್ತದೆ. ಬುದ್ಧಿ ಮಸುಕಾಗಿ ಮಂಪರು ಕವಿಯುತ್ತದೆ. ಹೀಗಾಗುವವರಲ್ಲಿ ಅರುವತ್ತು ದಾಟಿದ ಹೆಂಗಸರೇ ಹೆಚ್ಚು.

ಇಲ್ಲಿ ಜ್ವರಮಾಪಕವೂ ನಮ್ಮನ್ನು ವಂಚಿಸಬಹುದು. ಸೋಂಕು ತಗಲಿದ್ದರೂ ಈ ಶರೀರಕ್ಕೆ ಜ್ವರವೇರಿಸುವ ಶಕ್ತಿಯಿರುವುದಿಲ್ಲ. 'ಜ್ವರವಿಲ್ಲ' ಎಂಬ ಮಾತ್ರಕ್ಕೆ ಸೋಂಕಿಲ್ಲವೆನ್ನಲಾಗದು. ಹಳೆಯ ಗಾಜಿನ ಜ್ವರಮಾಪಕದ ಗೆರೆಗಳು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ಗೇ ಮುಗಿಯುತ್ತವೆ. ಅದಕ್ಕಿಂತ ಕೆಳಗಿಳಿದ ಮೈಶಾಖವನ್ನು ಅದು ತೋರಿಸಲಾರದು. ಒದರದೆ ಬಳಸಿದರಂತೂ ಪಾದರಸವು ಹಿಂದಿನ ರೋಗಿಯ ಶಾಖವನ್ನೇ ಹೇಳುತ್ತದೆ. ಅಂಗಿಯೊಳಗೆ ಕೈಯಿಟ್ಟಾಗ ಹೊಟ್ಟೆಯೂ ತಣ್ಣಗಿದ್ದು, ಕರೆದರೆ ಓಗೊಡುವುದು ತಡವಾಗುತ್ತಿದ್ದರೆ ಬೆಳಗಾಗಲೆಂದು ಕಾಯಬಾರದು.

ಕಂಬಳಿ ಹೊದಿಸಬಹುದು. ಆದರೆ ಪ್ರೀತಿಯಿಂದ ಅಗ್ಗಿಷ್ಟಿಕೆಯ ಬಳಿ ಮಲಗಿಸುವುದೂ, ಬಿಸಿನೀರಿನ ಚೀಲವಿಡುವುದೂ ಅಪಾಯಕರ: ಚರ್ಮದ ರಕ್ತನಾಳಗಳು ಒಮ್ಮೆಗೇ ಹಿಗ್ಗಿ ರಕ್ತದೊತ್ತಡ ಕುಸಿದೀತು. ಮಂಪರಿನಲ್ಲಿರುವವರ ಬಾಯಿಗೆ ಚಹವನ್ನು ಹೊಯ್ದರೆ ಅದು ಶ್ವಾಸನಾಳಕ್ಕಿಳಿಯಬಹುದು. ಆಸ್ಪತ್ರೆಯಲ್ಲಿ ವೈದ್ಯರು ರಕ್ತಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ಹೈಡ್ರೊಕಾರ್ಟಿಸೋನನ್ನೂ ಥೈರಾಕ್ಸಿನನ್ನೂ ಕೊಡಲಾರಂಭಿಸುತ್ತಾರೆ; ಉಸಿರಿಗೆ ಯಂತ್ರದ ನೆರವು ಬೇಕಾಗಬಹುದು. ಅಷ್ಟಾದರೂ ಉಳಿಯದವರುಂಟು. ಕೊರಳಿನಲ್ಲಿ ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಗುರುತಿದ್ದರೆ ಅದನ್ನು ವೈದ್ಯರಿಗೆ ತೋರಿಸಬೇಕು. ದಿಂಬಿನಡಿಯ ಮಾತ್ರೆಗಳ ಪೊಟ್ಟಣವನ್ನು, ಖಾಲಿಯಾಗಿದ್ದರೂ ಸರಿ, ಜೊತೆಗೆ ಒಯ್ಯಬೇಕು.