ವೆಸ್ಲಿ ಎಂಬ ಹೆಸರು

ಮನ್ನಳ್ಳಿ, ಭಾಲ್ಕಿ, ಔರಾದ ಕಡೆಯ ಮೆಥೊಡಿಸ್ಟ್ ಸಭೆಗಳಲ್ಲಿ ಯೋಹಾನ, ಸಮುವೇಲ, ದಾವೀದ ಎಂಬ ಹೆಸರುಗಳೊಡನೆ ವೆಸ್ಲಿ ಎಂಬುದೂ ಕೇಳಿಬರುವುದುಂಟು. ಮೊದಲ ಮೂರು ಸತ್ಯವೇದದವು. ನಾಲ್ಕನೆಯದು ಅಲ್ಲಿ ಎಲ್ಲಿಯೂ ಇಲ್ಲ.

ಇಂಗ್ಲಿಷಿನಲ್ಲಿ ಇದು ಮೂಲತಃ ವ್ಯಕ್ತಿಯ ಹೆಸರೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಪಡುವಣ ದಿಕ್ಕಿನ ಕಾಡುಬಯಲು ಎಂಬ ಅರ್ಥದ ಸ್ಥಳನಾಮ. ನಮ್ಮ ಗಡಿಸೀಮೆಯಲ್ಲಿ ಊರ ಹೆಸರಿಗೆ ‘ಕರ್’ ಸೇರಿ ಅಡ್ಡಹೆಸರಾಗುವಂತೆ ಅಲ್ಲಿಯೂ ಅದು ಮನೆತನದ ಹೆಸರಾಯಿತು. (1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲೆಸ್ಲಿಯೂ 1798ರವರೆಗೆ ತನ್ನನ್ನು ವೆಸ್ಲಿ ಎಂದೇ ಬರೆದುಕೊಳ್ಳುತ್ತಿದ್ದನು.) ಅದು ಮಕ್ಕಳಿಗೆ ಇಡುವ ಹೆಸರಾಗಿ ಹಬ್ಬಿದ್ದು ಜಾನ್ ವೆಸ್ಲಿ (1703–1791) ಮತ್ತು ಚಾರ್ಲ್ಸ್ ವೆಸ್ಲಿ (1707–1788) ಸಹೋದರರ ಮೇಲಣ ಗೌರವದಿಂದ. ಅಮೆರಿಕದಲ್ಲಿ ಬೋಧಕರ ಮನೆಗಳು ಇದನ್ನು ವಿಶೇಷವಾಗಿ ಮೆಚ್ಚಿದವು. ಕೊಲೊರಾಡೊ ನದಿಯ ಕಣಿವೆಯನ್ನು ಶೋಧಿಸಿದ ಜಾನ್ ವೆಸ್ಲಿ ಪೊವೆಲ್ (ಜನನ 1834) ಮೆಥೊಡಿಸ್ಟ್ ಬೋಧಕನ ಮಗ. ಹಲವರನ್ನು ಗುಂಡಿಕ್ಕಿ ಕೊಂದ ಜಾನ್ ವೆಸ್ಲಿ ಹಾರ್ಡಿನ್ (ಜನನ 1853) ಸಹ ಮೆಥೊಡಿಸ್ಟ್ ಬೋಧಕನ ಮಗನೇ. ಇಪ್ಪತ್ತನೆಯ ಶತಮಾನದಲ್ಲಿ ಹೆಸರು ಸಭೆಯ ಎಲ್ಲೆಯನ್ನು ದಾಟಿತು. ವೆಸ್ಲಿ ಎಂದಾಗ ವೆಸ್ಟ್ ಇಂಡೀಸಿನ ವೇಗದ ಬೌಲರ್ ವೆಸ್ಲಿ ಹಾಲ್‌ರನ್ನು ನೆನೆಯುವವರೂ ಇದ್ದಾರೆ.

ಕರ್ನಾಟಕದ ದಕ್ಷಿಣ ಭಾಗದಲ್ಲಿ 1821ರಿಂದ ಬೆಂಗಳೂರಿನಲ್ಲಿ ಸೇವೆ ನಡೆಸಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಬೀದರದ ಸಭೆಗಳು ಅಮೆರಿಕದ ಮಿಷನ್ನಿನ ಫಲ. ಅವು ಮೆಥೊಡಿಸ್ಟ್ ಎಂಬ ಹೆಸರಿನಲ್ಲಿಯೇ ಉಳಿದವು. ಸಭೆಯ ಗುರುತಾದದ್ದು ಮನೆಮಗನ ಹೆಸರೂ ಆದದ್ದು ಸಹಜ.

ಇದು ತಕ್ಕದ್ದೋ? ಪೂರ್ವಜರ ಹೆಸರಿಗಿಂತ ನೀತಿವಂತರ, ರಕ್ತಸಾಕ್ಷಿಗಳ ಹೆಸರನ್ನು ಮಕ್ಕಳಿಗೆ ಇಡಿರೆಂದು ಯೋಹಾನ ಕ್ರಿಸೊಸ್ತೋಮನು ತಂದೆತಾಯಿಗಳಿಗೆ ಬೋಧಿಸಿದನು. ಆ ನ್ಯಾಯದಿಂದ ವೆಸ್ಲಿ ಸಲ್ಲುತ್ತದೆ. ಬೋಧಕರ ಹೆಸರಿನಲ್ಲಿ ಪಂಗಡ ಕಟ್ಟಿದ ಕೊರಿಂಥದವರನ್ನು ಪೌಲನು ಗದರಿಸಿದ್ದನ್ನೂ (1 ಕೊರಿಂಥ 1:12) ಮರೆಯಲಾಗದು; ಆದರೆ ಅಲ್ಲಿನ ತಪ್ಪು ಬಣಗಟ್ಟಿದ್ದರಲ್ಲಿ, ಕೃತಜ್ಞತೆಯಿಂದ ನೆನೆದದ್ದರಲ್ಲಲ್ಲ.

ನಮ್ಮ ಕಡೆ ಹೆಸರಿಗೆ ಇನ್ನೊಂದು ಭಾರವೂ ಉಂಟು. 1950ರ ಪರಿಶಿಷ್ಟ ಜಾತಿಗಳ ಆದೇಶವು ಕ್ರೈಸ್ತರಾದ ದಲಿತರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಒಳಗಾದರು, ಕ್ರೈಸ್ತರು ಆಗಲಿಲ್ಲ. ಆದಕಾರಣ ಶಾಲೆಯ ದಾಖಲೆಗೆ ಒಂದು ಹೆಸರನ್ನೂ ಸಭೆಗೆ ಇನ್ನೊಂದನ್ನೂ ಇಟ್ಟುಕೊಂಡ ಮನೆಗಳಿವೆ. ಇದನ್ನು ವಿಶ್ವಾಸದ ಕೊರತೆಯೆಂದು ಜರೆಯುವ ಸಭಾಪಾಲಕರು ಹೆಸರಿನ ಬೆಲೆ ತೆರುತ್ತಿರುವವರು ಯಾರೆಂಬುದನ್ನು ಕಾಣರು. ‘ವೆಸ್ಲಿ’ ಎಂದು ದೀಕ್ಷಾಸ್ನಾನ ಹೊಂದಿದ ಮಗುವಿನ ಹೆಸರು ಶಾಲೆಯ ಹಾಜರಿಪುಸ್ತಕದಲ್ಲಿ ಬೇರೆಯಾಗಿದ್ದರೂ ಆ ದೀಕ್ಷಾಸ್ನಾನಕ್ಕೆ ಕುಂದಿಲ್ಲ. ಅದು ನಡೆದದ್ದು ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ.