ಹೊಸ ತೊಟ್ಟಿಯ ಮೀನು ಏಕೆ ಸಾಯುತ್ತದೆ?

ಗಾಜಿನ ತೊಟ್ಟಿಗೆ ತಿಳಿನೀರು ತುಂಬಿ ನಾವು ಮೊದಲು ಬಿಟ್ಟ ಆರು ಗಪ್ಪಿಗಳಲ್ಲಿ ನಾಲ್ಕು ವಾರದೊಳಗೇ ಸತ್ತವು. ನೀರು ಕಣ್ಣಿಗೆ ನಿರ್ಮಲವಾಗಿಯೇ ಇದ್ದಿತು!

ಮೀನು ತನ್ನ ಕಿವಿರುಗಳಿಂದ ಅಮೋನಿಯವನ್ನು ಹೊರಬಿಡುತ್ತದೆ; ಮಿಕ್ಕ ಆಹಾರ ಕೊಳೆತಾಗಲೂ ಅದೇ ವಿಷ ಹುಟ್ಟುತ್ತದೆ. ಕೆರೆಯಲ್ಲಾದರೆ ಒಂದು ವರ್ಗದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಮತ್ತೊಂದು ವರ್ಗದವು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಗಪ್ಪಿ, ಮೋಲಿಗಳಿಗೆ ಗಡಸುತನ ಹಿತವೇ. ಆದರೆ ಅಂಥ ನೀರಿನಲ್ಲಿ ಕ್ಷಾರಗುಣವೂ ಹೆಚ್ಚಾಗಿರುವುದುಂಟು. ಪಿ.ಎಚ್. ಮಾನ 7ರಿಂದ 8ಕ್ಕೇರಿದರೆ ಅಮೋನಿಯದ ವಿಷರೂಪದ ಪಾಲು ಸುಮಾರು ಒಂಬತ್ತು ಮಡಿಯಾಗುತ್ತದೆ!

ಆದುದರಿಂದ ಹಳೆಯ ತೊಟ್ಟಿಯುಳ್ಳ ಸ್ನೇಹಿತರಿಂದ ಶೋಧಕದ ಸ್ಪಂಜಿನ ತುಂಡೊಂದನ್ನು ಬೇಡಿ ತರುವುದು ಜಾಣತನ. ಬ್ಯಾಕ್ಟೀರಿಯಗಳ ಮುಖ್ಯ ನೆಲೆ ಅದೇ. ಅದನ್ನು ಕ್ಲೋರಿನ್ ಬೆರೆತ ನೀರಿನಲ್ಲಿ ತೊಳೆಯಬಾರದು. ಮೊದಲು ಎರಡೇ ಮೀನುಗಳನ್ನು ಬಿಟ್ಟು, ಒಂದೆರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು.

ಆವಿಯಾದಷ್ಟನ್ನೇ ತುಂಬುತ್ತ ಹೋದರೆ ಲವಣಗಳು ಉಳಿದು ಗಡಸುತನ ಏರುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಹೊರತೆಗೆದು ಹೊಸದನ್ನು ತುಂಬಬೇಕು. ತೆಗೆದ ನೀರನ್ನು ತೆಂಗಿನ ಪಾತಿಗೆ ಸುರಿಯಬಹುದು. ಅದರಲ್ಲಿನ ನೈಟ್ರೇಟ್ ಮರಕ್ಕೆ ಗೊಬ್ಬರವೇ.